ತೊಡೆಯ ಮೇಲಿನ ಪೆಟ್ಟಿಗೆ

"ಅಷ್ಟಕ್ಕೆ ಎರಡು ಮೋಟರ್ ಸೈಕಲ್ ಬರ್ತಾವಲ್ಲೋ!" ಎಂದು ಶಿವಯೋಗಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನ ಮುಖ ನೋಡಿದರು.

"ಮೋಟರ್ ಸೈಕಲ್ ಮ್ಯಾಲೆ ಕುಂತು ಮಿಲ್ಲಿನ ಲೆಕ್ಕ ತೋರ್ಸಾಕೆ ಆಗಲ್ಲಪ್ಪಾಜಿ," ಎಂದ ಕೊಟ್ರೇಶ್. "ಅರ್ಧ ಕಂಪನಿ ಹಾಕ್ತೈತೆ. ಉಳಿದರ್ಧ ನೀವು ಹಾಕ್ರಿ, ಪಗಾರದಾಗೆ ತಿಂಗಳಾ ಮುರ್ಕೊಂಡು ಕೊಡ್ತೀನಿ."

"ಪಗಾರ ನಿಂಗೇ ಸಾಲಲ್ಲ, ನಂಗೇನು ಮುರ್ಕೊಂಡು ಕೊಡ್ತೀಯ?"

ಗುರುಶಾಂತಮ್ಮ ಗಂಡನ ತಟ್ಟೆಗೆ ಇನ್ನೊಂದು ಚಮಚ ಬದನೆಕಾಯಿ ಪಲ್ಯ ಹಾಕಿದರು. ಬಾಯಲ್ಲಿ ತುತ್ತಿದ್ದರೆ ಜಗಳ ಸ್ವಲ್ಪ ತಡವಾಗಿ ಶುರುವಾಗುತ್ತದೆಂದು ಅವರಿಗೆ ಗೊತ್ತಿತ್ತು. ಒಳಗೆ ಸೊಸೆ ಶಿವಲೀಲಾ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವ ಸದ್ದು ನಿಂತಿತು.

"ಯಾವ ಕಂಪ್ಯೂಟ್ರು ಅಂತ ಹೇಳ್ಯಾರೆ?" ಎಂದು ಅಲ್ಲಿಂದಲೇ ಕೇಳಿದಳು.

"ನಾವೇ ಆರಿಸ್ಕೋಬೇಕಂತೆ. ಸಣ್ಣದಿರ್ಬೇಕು, ಊರೂರು ಹೊತ್ಕೊಂಡು ತಿರುಗಾಂಗೆ ಇರ್ಬೇಕು. ಅಷ್ಟೇ ಹೇಳಿದ್ರು ಸಾಹುಕಾರ್ರು."

ಸಾಹುಕಾರರೆಂದರೆ ಹರಿಹರದ ಉಜ್ಜನಪ್ಪ. ಅಕ್ಕಿ ಮಿಲ್ಲುಗಳ ಲೆಕ್ಕವನ್ನೆಲ್ಲ ಕಂಪ್ಯೂಟರಿನಲ್ಲಿ ಇಡುವ ಏರ್ಪಾಡನ್ನು ಮಾರುವ ಹೊಸ ವ್ಯಾಪಾರ ಅವರದು. ಬಂದ ಭತ್ತ ಎಷ್ಟು, ಆದ ಅಕ್ಕಿ ಎಷ್ಟು, ನುಚ್ಚು, ತೌಡು, ಸರ್ಕಾರಕ್ಕೆ ಕೊಟ್ಟ ಲೆವಿ ಎಷ್ಟು ಎಂಬುದೆಲ್ಲ ಗುಂಡಿ ಒತ್ತಿದರೆ ಬರಬೇಕು. ಕೊಟ್ರೇಶ್ ಮೊದಲು ಮಿಲ್ಲುಗಳಿಗೆ ಬೆಲ್ಟು, ಬೇರಿಂಗು ಮಾರುತ್ತಿದ್ದವನು. ಮಿಲ್ಲಿನ ಮಾಲೀಕರೆಲ್ಲ ಅವನಿಗೆ ಪರಿಚಯ, ಬಾಯಿ ಚೆನ್ನಾಗಿತ್ತು. ಅದಕ್ಕೇ ಉಜ್ಜನಪ್ಪ ಅವನನ್ನು ಕರೆದುಕೊಂಡಿದ್ದರು. ಕಂಪ್ಯೂಟರ್ ಮಾತ್ರ ಅವನಿಗೆ ಬರುತ್ತಿರಲಿಲ್ಲ. ಅದು ಬರುತ್ತಿದ್ದದ್ದು ಶಿವಲೀಲಾಗೆ. ಮದುವೆಗೆ ಮುಂಚೆ ಅವಳು ವಿದ್ಯಾನಗರದ ಒಂದು ಕಂಪ್ಯೂಟರ್ ತರಗತಿಯಲ್ಲಿ ಕಲಿತು, ಅಲ್ಲಿಯೇ ಕಲಿಸಿದ್ದಳು ಕೂಡ. ಮಗಳು ಸ್ನೇಹಾ ಹುಟ್ಟಿದ ಮೇಲೆ ಅದು ಬಿಟ್ಟುಹೋಗಿತ್ತು. ಬಿಟ್ಟುಹೋಯಿತೋ ಬಿಡಿಸಿದರೋ ಎಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಕೊನೆಗೆ ಶಿವಯೋಗಪ್ಪನವರು ಒಪ್ಪಿದರು. ಆದರೆ, "ದುಡ್ಡು ನಂದು, ವಸ್ತು ನಾನೂ ನೋಡ್ಬೇಕು," ಎಂದರು. ಹಾಗಾಗಿ ಒಂದು ಸೋಮವಾರ ಮನೆಯವರೆಲ್ಲ ಆಟೋ ಮಾಡಿಕೊಂಡು ಪಿ.ಬಿ. ರಸ್ತೆಯ ಒಂದು ಮಹಡಿಯ ಅಂಗಡಿಗೆ ಹೋದರು. ದೊಡ್ಡವರ ನಡುವೆ ಸಿಕ್ಕಿಕೊಂಡು ಸ್ನೇಹಾ ದಾರಿಯುದ್ದಕ್ಕೂ ಅತ್ತಳು.

ಅಂಗಡಿಯವನು ಮೇಜಿನ ಮೇಲೆ ಮೂರು ಯಂತ್ರ ಬಿಚ್ಚಿಟ್ಟ. ಒಂದು ಕರಿಯದು, ದೊಡ್ಡ ಪರದೆಯದು. ಅದನ್ನು ಹಚ್ಚಿದೊಡನೆ ಸಂಗೀತ ಬಂದು ಬಣ್ಣದ ಮೀನುಗಳು ಈಜಿದವು. ಇನ್ನೊಂದು ಮುಂಬಯಿಯಿಂದ ಬಂದ ಹಳೆಯದು. ಮೂರನೆಯದು ಬೂದು ಬಣ್ಣದ ತೆಳ್ಳನೆಯ ಯಂತ್ರ, ಶಾಲೆಯ ಮಕ್ಕಳ ಸ್ಲೇಟಿಗಿಂತ ಸ್ವಲ್ಪ ದೊಡ್ಡದು.

ಶಿವಲೀಲಾ ಮೂರನ್ನೂ ಒಂದೊಂದಾಗಿ ಎತ್ತಿ ನೋಡಿದಳು. ಬೂದು ಬಣ್ಣದ್ದನ್ನು ಕಿಟಕಿಯ ಬಳಿ ಒಯ್ದು, ಬಿಸಿಲಿನಲ್ಲಿ ಅಕ್ಷರ ಕಾಣುತ್ತವೋ ಇಲ್ಲವೋ ನೋಡಿದಳು. ಹಿಂದೆ ತಿರುಗಿಸಿ ವೈರು ಹಚ್ಚುವ ತೂತುಗಳನ್ನು ಪರೀಕ್ಷಿಸಿದಳು.

"ಕರೇದ್ರದ್ದು ಬ್ಯಾಟ್ರಿ ಎಷ್ಟೊತ್ತು ಬರ್ತೈತ್ರಿ?"

ಅಂಗಡಿಯವನು ಕೊಟ್ರೇಶನ ಕಡೆ ತಿರುಗಿ, "ಒಂದು ತಾಸು ಆರಾಮ ಬರ್ತೈತೆ ಸರ್," ಎಂದ.

"ಹೊಸದ್ರಾಗೇ ಒಂದು ತಾಸು ಅಂದ್ರೆ ವರ್ಷ ಕಳೆಯೋದ್ರಾಗೆ ಎಷ್ಟಾಗ್ತೈತೆ? ಮಿಲ್ಲಿನಾಗೆ ದಿನಾ ಕರೆಂಟ್ ಹೋಗ್ತೈತ್ರಿ. ಈ ಬೂದಿ ಬಣ್ಣದ್ದು?"

"ಅದು ಮೂರು ತಾಸು ಸರ್," ಎಂದು ಅವನು ಮತ್ತೆ ಕೊಟ್ರೇಶನಿಗೇ ಹೇಳಿದ. "ಆದ್ರೆ ಸ್ಕ್ರೀನ್ ಸಣ್ಣದು, ಸಿಡಿ ಹೊರಗಿಂದ ಹಚ್ಬೇಕು. ಇದು ನೋಡ್ರಿ, ಎಲ್ಲಾ ಒಳಗೇ ಐತೆ."

"ಪ್ರಿಂಟರ್ ವೈರು ಇದಕ್ಕೆ ನೇರ ಹತ್ತುತ್ತೆ," ಎಂದಳು ಶಿವಲೀಲಾ ಗಂಡನಿಗೆ. "ಬಸ್ಸಿನಾಗೆ ತಿರುಗಾಕೆ ಹಗುರ ಐತೆ. ಇದೇ ಸಾಕ್ರಿ."

ಶಿವಯೋಗಪ್ಪನವರು ಎರಡರ ಬೆಲೆಯನ್ನೂ ಕೇಳಿದರು. ಹೆಚ್ಚು ಕಡಿಮೆ ಒಂದೇ ಇತ್ತು. "ಅದೇ ರೇಟಿಗೆ ದೊಡ್ಡದು ಬರಾಗ ಸಣ್ಣದ್ಯಾಕ?" ಎಂದರು.

ಕೊಟ್ರೇಶ್ ಮೀನುಗಳನ್ನೇ ನೋಡುತ್ತಿದ್ದ. "ಸಾಹುಕಾರ್ರ ಮುಂದೆ ಇಟ್ರೆ ಒಂದು ಗತ್ತು ಇರ್ಬೇಕಲೇ. ಅದು ಹುಡುಗ್ರ ಆಟದ ಸಾಮಾನಿದ್ದಂಗೈತೆ."

"ಗತ್ತಿಗಲ್ಲ ತಗೊಳ್ಳಾದು, ಕೆಲಸಕ್ಕೆ."

"ಕೆಲಸ ಮಾಡಾವ ನಾನು."

ಗುರುಶಾಂತಮ್ಮನಿಗೆ ಸೊಸೆ ಅಂಗಡಿಯವನ ಮುಂದೆ ಗಂಡನಿಗೆ ಎದುರು ಮಾತಾಡಿದ್ದು ಸರಿ ಕಾಣಲಿಲ್ಲ. "ಅವನಿಗೆ ಬೇಕಾದ್ದು ಅವ್ನು ತಗೊಳ್ಳಿ ಬಿಡವ್ವ," ಎಂದರು. ಕರಿಯದನ್ನೇ ಕೊಂಡರು. ಮನೆಯಲ್ಲಿ ಅದಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಶಾವಿಗೆ ಪಾಯಸ ಮಾಡಿದರು. ಮಾಡಿದವಳು ಶಿವಲೀಲಾ.

ಮುಂದಿನ ವಾರವೆಲ್ಲ ಸಂಜೆ ಪಾಠ ನಡೆಯಿತು. ಶಿವಲೀಲಾ ಒಲೆಯ ಮೇಲೆ ಬೇಳೆ ಇಟ್ಟು ಬಂದು ಗಂಡನ ಪಕ್ಕ ಕೂಡುತ್ತಿದ್ದಳು. "ಇಲ್ಲಿ ಒತ್ರಿ. ಅಲ್ಲಲ್ಲ, ಈ ಕಡೀದು. ನಿನ್ನೆ ಹೇಳಿದ್ನಲ್ಲ." ಕೊಟ್ರೇಶನ ಕಿವಿ ಕೆಂಪಾಗುತ್ತಿತ್ತು. ಒಂದು ದಿನ ಐದು ವರ್ಷದ ಸ್ನೇಹಾ ಕೈ ಚಾಚಿ, "ಇದು ಅಪ್ಪಾಜಿ, ಇದು," ಎಂದು ಸರಿಯಾದ ಗುಂಡಿಯನ್ನೇ ತೋರಿಸಿತು. ಕೊಟ್ರೇಶ್ ಮಗುವಿನ ಕೈಗೆ ಫಟ್ಟನೆ ಹೊಡೆದು ಎದ್ದುಹೋದ. ಅಂದಿಗೆ ಪಾಠ ಮುಗಿಯಿತು.

ಹೀಗೆ ಅರ್ಧಂಬರ್ಧ ಕಲಿತವನು ಹರಿಹರದ ಹಯಾತ್ ಸಾಬರ ಮಿಲ್ಲಿಗೆ ಹೋದ. ಅಲ್ಲಿ ಮೀನು ತೋರಿಸಿದ, ಸಂಗೀತ ಕೇಳಿಸಿದ. ಲೆಕ್ಕ ತೆಗೆಯುವ ಹೊತ್ತಿಗೆ ಕರೆಂಟ್ ಹೋಯಿತು. ಹಿಂದಿನ ಸಂಜೆ ಬ್ಯಾಟರಿ ತುಂಬಿಸಿಡಲು ಮರೆತಿದ್ದ. ಪರದೆ ಕಪ್ಪಾಯಿತು. ಕೂಡಿದ್ದ ಮಿಲ್ಲಿನವರೆಲ್ಲ ನಕ್ಕರು. ಸಾಬರು ನಗದೆ, "ನಮ್ಮ ಹಳೇ ಖಾತೆ ಕತ್ತಲದಾಗೂ ಇರ್ತೈತಲ್ಲಪ್ಪ ಕೊಟ್ರೇಶಿ, ಹೋಗಿ ಬಾ," ಎಂದು ಚಹಾ ಕೊಟ್ಟು ಕಳಿಸಿದರು.

ಅಂದು ಅವನು ತಟ್ಟೆಯ ಮುಂದೆ ಕೂತವನೇ ಅನ್ನ ಬಿಸಿ ಇಲ್ಲವೆಂದು ತಟ್ಟೆ ನೂಕಿದ. ಹುಳಿ ನೆಲದ ಮೇಲೆ ಹರಿಯಿತು.

"ಬ್ಯಾಟ್ರಿ ವಿಷ್ಯ ನೆನಪು ಮಾಡಾಕೆ ಏನಾಗಿತ್ತು ನಿಂಗೆ?"

"ಅಂಗಡ್ಯಾಗೆ ನಾನು ಹೇಳಿದ್ದು ಅದನ್ನೇ," ಎಂದಳು ಶಿವಲೀಲಾ ನೆಲ ಒರೆಸುತ್ತ.

"ಅಂದ್ರೆ ಕಾಯ್ತಿದ್ದೆ ನೀನು, ನಾನು ಯಾವಾಗ ಬೀಳ್ತೀನಿ ಅಂತ."

ಅವಳು ಮರುದಿನ ಮಾವನನ್ನು ಕರೆದುಕೊಂಡು ಅಂಗಡಿಗೆ ಹೋದಳು. ಅಂಗಡಿಯವನು ಬದಲಾಯಿಸಿ ಕೊಡುವುದಿಲ್ಲವೆಂದ. ಅವಳು ಕುರ್ಚಿ ಎಳೆದುಕೊಂಡು ಕೂತು, ಬಂದ ಗಿರಾಕಿಗಳಿಗೆಲ್ಲ ಕೇಳುವ ಹಾಗೆ ಕರಿ ಯಂತ್ರದ ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತದೆಂದು ಮಾವನಿಗೆ ವಿವರಿಸತೊಡಗಿದಳು. ಮಧ್ಯಾಹ್ನದ ಊಟಕ್ಕೆ ಮುಂಚೆ ಬೂದು ಬಣ್ಣದ ಯಂತ್ರ ಕೈಗೆ ಬಂತು. ಮನೆಗೆ ಬಂದು ಶಿವಯೋಗಪ್ಪನವರು ಹೆಂಡತಿಗೆ, "ನಿನ್ನ ಸೊಸಿ ದಲಾಲಿ ಮಂಡಿಯಾಗೆ ಇರ್ಬೇಕಿತ್ತು ನೋಡು," ಎಂದರು. ಅವರು ಸೊಸೆಯನ್ನು ಹೊಗಳಿದ್ದನ್ನು ಗುರುಶಾಂತಮ್ಮ ಕೇಳಿದ್ದು ಅದೇ ಮೊದಲು.

ಯಂತ್ರವೇನೋ ಸರಿಯಾದದ್ದು ಬಂತು, ಆದರೆ ಕೊಟ್ರೇಶ್ ಅದನ್ನು ಮುಟ್ಟಲೊಲ್ಲ. ಉಜ್ಜನಪ್ಪನವರ ಫೋನು ಎದುರುಮನೆಗೆ ಬರುತ್ತಲೇ ಇತ್ತು. ಕೊನೆಗೆ ಅವರೇ ಒಂದು ದಾರಿ ಹೇಳಿದರು: ಹೆಂಡತಿಗೆ ಬರುತ್ತದಲ್ಲ, ಎರಡು ದಿನ ಅವಳೇ ಬಂದು ತೋರಿಸಲಿ, ಕೊಟ್ರೇಶ್ ಅಷ್ಟರಲ್ಲಿ ರಾಣೆಬೆನ್ನೂರಿನ ಕಡೆ ವಸೂಲಿಗೆ ಹೋಗಲಿ.

"ಗಂಡಸ್ರು ತುಂಬಿದ ಮಿಲ್ಲಿಗೆ ಒಬ್ಳೇ ಹೆಂಗೆ ಹೋಗ್ತಾಳೆ?" ಎಂದ ಕೊಟ್ರೇಶ್.

"ನಿಮ್ಮವ್ವ ಹೋಗ್ತಾಳೆ ಜೊತಿಗೆ," ಎಂದರು ಶಿವಯೋಗಪ್ಪ.

ಗುರುಶಾಂತಮ್ಮ ಸೆರಗಿನಿಂದ ಕೈ ಒರೆಸಿಕೊಂಡು, "ನಾನ್ಯಾಕ? ನಂಗೇನು ತಿಳೀತೈತೆ?" ಎಂದರು.

"ತಿಳಿಯಾದು ಬ್ಯಾಡ. ಕುಂತ್ಕೊಂಡಿರು ಸಾಕು."

ಹಾಗೆ ಶುರುವಾಯಿತು. ಇಬ್ಬರೂ ಬೆಳಗ್ಗೆ ಎದ್ದು ರೊಟ್ಟಿ, ಪಲ್ಯ ಮುಗಿಸಿ, ಮಗುವನ್ನು ಶಾಲೆಗೆ ಬಿಟ್ಟು, ಹರಿಹರದ ಬಸ್ಸು ಹತ್ತಿದರು. ಬಸ್ಸು ತುಂಬಿತ್ತು. ಶಿವಲೀಲಾಗೆ ನಿಲ್ಲಲು ಜಾಗ ಸಿಕ್ಕಿತು, ಗುರುಶಾಂತಮ್ಮನಿಗೆ ಕಿಟಕಿಯ ಪಕ್ಕ ಕೂಡಲು. ಸೊಸೆ ಯಂತ್ರದ ಚೀಲವನ್ನು ಅತ್ತೆಯ ತೊಡೆಯ ಮೇಲೆ ಇಟ್ಟಳು.

"ಹುಷಾರು ಅತ್ತಿ, ಗಟ್ಟಿ ಹಿಡ್ಕೋರಿ."

ಗುರುಶಾಂತಮ್ಮ ಅದನ್ನು ಎರಡೂ ಕೈಯಿಂದ ತಬ್ಬಿ ಹಿಡಿದರು. ಅದುವರೆಗೆ ಅವರು ಬಸ್ಸು ಹತ್ತಿದ್ದು ಒಂದೋ ಮದುವೆಗೆ, ಇಲ್ಲವೇ ಸತ್ತವರ ಮಣ್ಣಿಗೆ. ಈಗ ಕೆಲಸಕ್ಕೆಂದು ಹೊರಟವರ ನಡುವೆ ಕೂತಿದ್ದರು. ಪಕ್ಕದ ಹೆಂಗಸು, "ಏನೈತಿ ಬೇ ಚೀಲದಾಗೆ?" ಎಂದು ಕೇಳಿದಾಗ, "ಕಂಪ್ಯೂಟ್ರು," ಎಂದರು. ತಮ್ಮ ದನಿ ತಮಗೇ ಹೊಸದಾಗಿ ಕೇಳಿಸಿತು.

ಹಯಾತ್ ಸಾಬರ ಮಿಲ್ಲಿನಲ್ಲಿ ತೌಡಿನ ಧೂಳು ಮಂಜಿನ ಹಾಗೆ ಕವಿದಿತ್ತು. ಗುರುಶಾಂತಮ್ಮನಿಗೆ ಮೂಲೆಯಲ್ಲಿ ಕುರ್ಚಿ ಹಾಕಿದರು. ಸಾಬರ ಹೆಂಡತಿ ಶಹಜಾದಿ ಒಳಮನೆಯಿಂದ ಬಂದು, "ಬರ್ರಿ ಅಮ್ಮಾ, ಒಳಗೆ ಕೂಡ್ರಿ," ಎಂದು ಕರೆದಳು. ಆದರೆ ಗುರುಶಾಂತಮ್ಮ ಏಳಲಿಲ್ಲ. ಅವರಿಗೆ ನೋಡಬೇಕಿತ್ತು.

ಶಿವಲೀಲಾ ಮೀನು ತೋರಿಸಲಿಲ್ಲ. "ಇವತ್ತು ಬಂದ ಭತ್ತದ ಚೀಟಿ ಕೊಡ್ರಿ ಸಾಬ್ರೆ," ಎಂದಳು. ಒಂದೊಂದನ್ನೇ ಯಂತ್ರದಲ್ಲಿ ಹೊಡೆಯುತ್ತ ಹೋದಳು. ಅರ್ಧದಲ್ಲಿ ಕರೆಂಟ್ ಹೋಯಿತು. ಮಿಲ್ಲಿನ ಗದ್ದಲ ನಿಂತು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕನೆ ನಕ್ಕರು. ಪರದೆ ಬೆಳಗುತ್ತಲೇ ಇತ್ತು. ಶಿವಲೀಲಾ ತಲೆ ಎತ್ತದೆ, "ಮುಂದಿಂದು ಹೇಳ್ರಿ," ಎಂದಳು. ಕರೆಂಟ್ ಬಂದ ಮೇಲೆ, ಕಂಪನಿಯವರು ಮೊದಲೇ ತಂದಿಟ್ಟಿದ್ದ ಪ್ರಿಂಟರ್ ಕಿರ್ರನೆ ಕೂಗಿ ಇಡೀ ದಿನದ ಲೆಕ್ಕವನ್ನು ಕಾಗದದ ಮೇಲೆ ಇಳಿಸಿತು. ಸಾಬರು ಕನ್ನಡಕ ಏರಿಸಿ, ಹಳೆಯ ಖಾತೆಯ ಜೊತೆ ಹಿಡಿದು ನೋಡಿ, "ತೌಡಿನದು ನಮ್ಮದ್ರಾಗೆ ತಪ್ಪೈತೆ," ಎಂದರು. ಸಂಜೆಯೊಳಗೆ ವ್ಯಾಪಾರ ಕುದುರಿತು.

ಬರುವಾಗ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ಸೊಸೆ ಒಂದೇ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದರು. ಖಾರಕ್ಕೆ ಇಬ್ಬರ ಕಣ್ಣಲ್ಲೂ ನೀರು ಬಂತು.

"ಅಷ್ಟು ಗಂಡಸ್ರ ಮುಂದೆ ನಿಂಗೆ ಅಂಜಿಕಿ ಆಗಲಿಲ್ಲೇನೆ?"

"ಶುರುವಾಗೋ ತನ್ಕ ಆಗಿತ್ತು ಅತ್ತಿ. ಆಮೇಲೆ ನೀವಲ್ಲಿ ಕುಂತಿದ್ರಲ್ಲ."

ಎರಡು ದಿನಕ್ಕೆಂದು ಹೋದದ್ದು ವಾರಗಟ್ಟಲೆ ನಡೆಯಿತು. ಹರಿಹರ ಮುಗಿದ ಮೇಲೆ ಮಲೇಬೆನ್ನೂರು, ಆಮೇಲೆ ಕರೂರು ಕೈಗಾರಿಕಾ ಪ್ರದೇಶದ ಮಿಲ್ಲುಗಳು. ಗುರುಶಾಂತಮ್ಮ ಹೊರಡುವ ದಿನ ಇಳಕಲ್ ಸೀರೆ ಉಡತೊಡಗಿದರು. ಮಿಲ್ಲಿನ ಹೆಂಗಸರು ಅವರಿಗೆ ಅವಲಕ್ಕಿ, ಚಹಾ ಕೊಡುತ್ತಿದ್ದರು. ಪ್ರಿಂಟರಿನ ಕಾಗದವನ್ನು ಮಡಚದ ಹಾಗೆ ಹಿಡಿದುಕೊಳ್ಳುವುದನ್ನು ಅವರು ಕಲಿತರು. ಯಂತ್ರದ ಬ್ಯಾಟರಿಯ ದೀಪ ಹಳದಿಯಾದರೆ, "ಲೀಲಾ, ದೀಪ ಬಣ್ಣ ಬದ್ಲಾತು ನೋಡೇ," ಎಂದು ಎಚ್ಚರಿಸುತ್ತಿದ್ದರು. ಮನೆಯಲ್ಲಿ ಗಂಡ ಮಧ್ಯಾಹ್ನ ತಣ್ಣನೆ ರೊಟ್ಟಿ ತಿನ್ನುವುದಕ್ಕೆ ಗೊಣಗಿದರೆ, "ನೀವೇ ಕಳ್ಸಿದ್ದಲ್ಲ?" ಎಂದು ಮಾತು ಮುಗಿಸುತ್ತಿದ್ದರು.

ಕೊಟ್ರೇಶ್ ಮಾತ್ರ ದಿನದಿಂದ ದಿನಕ್ಕೆ ಮುದುಡುತ್ತ ಹೋದ. ವಸೂಲಿಗೆ ಹೋದಲ್ಲೆಲ್ಲ ಮಾಲೀಕರು, "ಮೇಡಮ್ಮಾರು ಯಾವಾಗ ಬರ್ತಾರೆ?" ಎಂದು ಕೇಳುತ್ತಿದ್ದರಂತೆ. ಒಂದು ದಿನ ಊಟ ಮಾಡುತ್ತ, "ಏನು ಮೇಡಮ್ಮಾರೆ, ಸ್ವಲ್ಪ ಚಟ್ನಿ ಹಾಕ್ತೀರೋ?" ಎಂದ. ಶಿವಲೀಲಾ ಚಟ್ನಿ ಹಾಕಿದಳು. ಅವನು ಮುಟ್ಟಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಉಜ್ಜನಪ್ಪನವರೇ ಮನೆಗೆ ಬಂದರು. ಬಾಳೆಹಣ್ಣು, ಸಿಹಿ ತಂದಿದ್ದರು. ಗುರುಶಾಂತಮ್ಮ ಮಂಡಕ್ಕಿ ಚೂಡಾ ತಂದು ಮುಂದೆ ಇಡುತ್ತಿರುವಾಗ ಅವರು ವಿಷಯಕ್ಕೆ ಬಂದರು.

"ಶಿವಯೋಗಪ್ನೋರೆ, ಮುಚ್ಚಿಟ್ಟು ಮಾತಾಡಲ್ಲ ನಾನು. ನಿಮ್ಮ ಸೊಸಿಗೆ ಖಾಯಂ ಕೆಲಸ ಕೊಡ್ತೀನಿ. ಪಗಾರ ಕೊಟ್ರೇಶಿಗಿಂತ ಜಾಸ್ತಿ. ಶಿವಮೊಗ್ಗ, ಚಿತ್ರದುರ್ಗ, ರಾಣೆಬೆನ್ನೂರು, ಎಲ್ಲಾ ಅವ್ರೇ ನೋಡ್ಕೊಳ್ಳಿ. ಕೊಟ್ರೇಶಿ ವಸೂಲಿ ನೋಡ್ಕೊಂಡಿರ್ಲಿ."

ಶಿವಲೀಲಾ ಬಾಗಿಲ ಹಿಂದೆ ನಿಂತಿದ್ದವಳು ಈಚೆಗೆ ಬಂದಳು. ಮುಖ ಕೆಂಪಾಗಿತ್ತು.

"ದಿನಾ ಬಸ್ಸಿನಾಗೆ ತಿರುಗಾದು ಹೆಂಗೆ?" ಎಂದರು ಶಿವಯೋಗಪ್ಪ.

"ಬಸ್ ಯಾಕ್ರಿ? ಕಂಪನಿ ಜೀಪು ಬರ್ತೈತೆ. ನಮ್ಮ ಆಫೀಸಿನ ಹೆಣ್ಮಗಳು ಒಬ್ಳು ಜೊತಿಗೆ ಇರ್ತಾಳೆ." ಉಜ್ಜನಪ್ಪ ಗುರುಶಾಂತಮ್ಮನ ಕಡೆ ತಿರುಗಿ ನಕ್ಕರು. "ಅಮ್ಮಾರು ಪಾಪ, ಈ ವಯಸ್ಸಿನಾಗೆ ಸುಮ್ನೆ ಅಲಿದಾಡಿದ್ರು. ಇನ್ಮ್ಯಾಲೆ ತ್ರಾಸಿಲ್ಲ. ಆರಾಮ ಮನ್ಯಾಗಿರ್ಲಿ."

ಗುರುಶಾಂತಮ್ಮ ಚೂಡಾದ ತಟ್ಟೆ ಇಟ್ಟು ಒಳಗೆ ಹೋದರು. ಚಹಾ ಆಗಲೇ ಕುದಿದು ಉಕ್ಕಿ ಒಲೆಯ ತುಂಬ ಚೆಲ್ಲಿತ್ತು. ಅದನ್ನು ಒರೆಸುತ್ತ ಅಲ್ಲಿಯೇ ನಿಂತರು. ಬಸ್ಸಿನಲ್ಲಿ ತೊಡೆಯ ಮೇಲಿರುತ್ತಿದ್ದ ಚೀಲದ ಭಾರ ನೆನಪಾಯಿತು. ಹೊರಗೆ ಉಜ್ಜನಪ್ಪ ಸೋಮವಾರದೊಳಗೆ ಹೇಳಿ ಕಳಿಸಿರೆಂದು ಎದ್ದದ್ದು ಕೇಳಿಸಿತು.

ಗುರುಶಾಂತಮ್ಮ ಬಾಗಿಲಿಗೆ ಬಂದರು. ಉಜ್ಜನಪ್ಪ ಗೇಟು ದಾಟುವುದೇ ತಡ, ಕೊಟ್ರೇಶ್ ಬಾಯಿ ಬಿಟ್ಟ.

"ಹೆಂಡ್ತಿ ಜೀಪಿನಾಗೆ ಹೋಗಿ ವ್ಯಾಪಾರ ಮಾಡ್ತಾಳೆ, ಹಿಂದಿಂದೆ ನಾನು ರಸೀದಿ ಪುಸ್ತಕ ಹಿಡ್ಕಂಡು ಹೋಗ್ಬೇಕಾ?"

"ಹಿಂದಿಂದೆ ಬರಾಕೆ ಯಾರೂ ಹೇಳಲಿಲ್ಲ," ಎಂದಳು ಶಿವಲೀಲಾ. "ಕಲೀರಿ ಅಂತ ಎಷ್ಟು ಸಲ ಹೇಳಿದೆ. ಈಗ್ಲೂ ಕಲಿಸ್ತೀನಿ."

"ನೋಡವ್ವ, ನೋಡು! ಕಲಿಸ್ತಾಳಂತೆ ನಂಗೆ!"

"ನೀವು ಕಲೀಲೂ ಇಲ್ಲ, ನಾನು ಮಾಡಿದ್ರೂ ಸೈರಿಸಲ್ಲ. ನಾನೇನು ಮಾಡ್ಬೇಕು ಹೇಳ್ರಿ?"

"ಮನ್ಯಾಗಿರು."

"ಏ ಸುಮ್ನಿರ್ರೋ!" ಎಂದು ಶಿವಯೋಗಪ್ಪ ಗದರಿದರು. ಸ್ನೇಹಾ ಅಜ್ಜನ ಕುರ್ಚಿಯ ಹಿಂದೆ ಅಡಗಿತು. ಅವರು ಮಂಡಿಯಲ್ಲಿ ಹತ್ತಿಯ ದರ ಕೂಗಿ ಬದುಕಿದ ಮನುಷ್ಯ, ಬಂದ ಗಿರಾಕಿಯನ್ನು ತಿರುಗಿಸಿ ಕಳಿಸುವುದು ಅವರಿಗೆ ಒಗ್ಗದು. "ನಂದೇನೂ ಅಡ್ಡಿಯಿಲ್ಲ," ಎಂದರು ಕೊನೆಗೆ. ಕೊಟ್ರೇಶ್ ಅಪ್ಪನನ್ನು ಹೊಸಬನನ್ನು ನೋಡುವ ಹಾಗೆ ನೋಡಿದ. "ಆದ್ರೆ ಮನಿ ನಡೆಸಾದು ನಾನಲ್ಲ. ಮೂರೊತ್ತು ಅಡಿಗಿ, ಮಗೀನ ಶಾಲಿ, ನೀರು ನಿಡಿ, ಎಲ್ಲಾ ನಿಮ್ಮವ್ವನ ಮ್ಯಾಲೆ ಬೀಳ್ತೈತೆ. ಇವಳು ಹ್ಞೂಂ ಅಂದ್ರೆ ಹೋಗ್ಲಿ. ಏನಂತೀಯೇ?"

ಎಲ್ಲರೂ ಗುರುಶಾಂತಮ್ಮನ ಕಡೆ ತಿರುಗಿದರು. ಶಿವಲೀಲಾಳ ಮುಖದಲ್ಲಿ ಆತಂಕವೇ ಇರಲಿಲ್ಲ. ಉತ್ತರ ಆಗಲೇ ಕೈಗೆ ಬಂದವಳ ಹಾಗೆ, ತುಟಿಯಲ್ಲಿ ಸಣ್ಣ ನಗು ಇಟ್ಟುಕೊಂಡು ಅತ್ತೆಯನ್ನು ನೋಡುತ್ತಿದ್ದಳು.

ಗುರುಶಾಂತಮ್ಮನ ಕೈಯಲ್ಲಿ ಇನ್ನೂ ಒಲೆ ಒರೆಸಿದ ಬಟ್ಟೆ ಇತ್ತು.

"ನನ್ನ ಕೈಲಾಗಲ್ಲ," ಎಂದರು. "ಮೊಣಕಾಲು ನೋಯ್ತಾವೆ. ಇಷ್ಟು ದಿನ ಹೆಂಗೋ ತಡ್ಕೊಂಡೆ. ಈ ವಯಸ್ಸಿನಾಗೆ ಒಬ್ಳೇ ಒಲಿ ಮುಂದೆ ಕೂಡಾಕೆ ಆಗಲ್ಲ."

"ಅತ್ತಿ..." ಎಂದಳು ಶಿವಲೀಲಾ. "ಮೊನ್ನೆ ಮಲೇಬೆನ್ನೂರಾಗೆ ಮಿಲ್ಲಿನ ಅಟ್ಟ ಹತ್ತಿ ಇಳಿದ್ರಲ್ಲ ಅತ್ತಿ."

"ಅದ್ಕೇ ನೋಯ್ತಾವೆ."

"ಅಡಿಗಿಗೆ ನಮ್ಮ ಓಣಿ ಕೆಂಚವ್ವನ್ನ ಇಟ್ಕೊಳ್ಳಾನ. ಬಟ್ಟೆಗೂ ಅವ್ಳೇ ಬರ್ತಾಳೆ. ನನ್ನ ಪಗಾರದಾಗೇ ಕೊಡ್ತೀನಿ."

"ಕಂಡೋರ ಕೈ ಅಡಿಗಿ ನಿಮ್ಮ ಮಾವ ಉಣ್ಣಲ್ಲ. ಮಗಿಗೂ ತಾಯಿ ಬೇಕು. ಹೆಣ್ಮಗಳು ಊರೂರು ತಿರುಗಿದ್ದು ಸಾಕು."

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ಅದು ಯಾರ ಮಾತೆಂದು ಅವರಿಗೇ ತಿಳಿಯಲಿಲ್ಲ. ಅವರ ಅತ್ತೆ ಆಡುತ್ತಿದ್ದ ಮಾತಿನ ಹಾಗಿತ್ತು. ಕೊಟ್ರೇಶ್ ನಿಟ್ಟುಸಿರು ಬಿಟ್ಟು, ಉಜ್ಜನಪ್ಪ ತಂದ ಸಿಹಿಯ ಡಬ್ಬಿಯಿಂದ ಒಂದು ಪೇಡೆ ಎತ್ತಿ ಬಾಯಿಗೆ ಹಾಕಿಕೊಂಡ. ಶಿವಲೀಲಾಳ ತುಟಿಯ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲಿಯೇ ಇತ್ತು. ಆಮೇಲೆ ಚೂಡಾದ ತಟ್ಟೆಯನ್ನು ಎತ್ತಿಕೊಂಡು ಅವಳು ಒಳಗೆ ಹೋದಳು.

ಉಜ್ಜನಪ್ಪ ಶಿವಮೊಗ್ಗದ ಒಬ್ಬನನ್ನು ಕೆಲಸಕ್ಕೆ ತೆಗೆದುಕೊಂಡರು. ಕೊಟ್ರೇಶನನ್ನು ವಸೂಲಿಯಿಂದಲೂ ಬಿಡಿಸಿ ಹರಿಹರದ ಗೋದಾಮಿನಲ್ಲಿ ಕೂರಿಸಿದರು. ಬಂದ ಪೆಟ್ಟಿಗೆ ಎಷ್ಟು, ಹೋದ ಪೆಟ್ಟಿಗೆ ಎಷ್ಟು ಎಂದು ಬರೆಯುವ ಕೆಲಸ. ಅವನು ಮನೆಗೆ ಬಂದು ಯಾರ ಜೊತೆಯೂ ಜಗಳ ಮಾಡುತ್ತಿರಲಿಲ್ಲ. ಹಾಕಿದ್ದು ಉಣ್ಣುತ್ತಿದ್ದ, ಟಿವಿ ನೋಡುತ್ತಿದ್ದ. ಮನೆ ತಣ್ಣಗಾಯಿತೆಂದು ಶಿವಯೋಗಪ್ಪನವರು ಹೇಳಿದರು.

ಶಿವಲೀಲಾ ಎಲ್ಲವನ್ನೂ ಮೊದಲಿನ ಹಾಗೆಯೇ ಮಾಡುತ್ತಿದ್ದಳು. ರೊಟ್ಟಿ ಮೊದಲಿಗಿಂತ ತೆಳ್ಳಗೆ ಬರುತ್ತಿದ್ದವು. ಅತ್ತೆಯ ಮೊಣಕಾಲಿಗೆಂದು ದಿನಾ ಸಂಜೆ ಎಣ್ಣೆ ಕಾಯಿಸಿ ತಂದಿಡುತ್ತಿದ್ದಳು. ನೋವಿಲ್ಲದ ಮೊಣಕಾಲಿಗೆ ಗುರುಶಾಂತಮ್ಮ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಸೊಸೆ ಅವರ ಜೊತೆ ಜಗಳವಾಡಲಿಲ್ಲ, ಮಾತು ಬಿಡಲೂ ಇಲ್ಲ. ಆದರೆ ಏನು ಮಾಡಲಿ, ಎಷ್ಟು ಹಾಕಲಿ ಎಂಬುದರ ಹೊರತು ಬೇರೆ ಮಾತು ಅವಳ ಬಾಯಿಂದ ಬರಲಿಲ್ಲ. "ನಿನ್ನೆ ಶಹಜಾದಿ ನೆನಪಾದ್ಲು ನೋಡು, ಎಂಥ ಚಲೋ ಅವಲಕ್ಕಿ ಮಾಡ್ತಿದ್ಲು," ಎಂದು ಗುರುಶಾಂತಮ್ಮ ಒಮ್ಮೆ ತೆಗೆದರು. "ಅವಲಕ್ಕಿ ಮಾಡ್ಲೇನ್ರಿ?" ಎಂದು ಕೇಳಿದಳು.

ಕೆಲವು ತಿಂಗಳ ಮೇಲೆ ಕಂಪನಿ ತನ್ನ ಅರ್ಧದ ಹಣ ವಾಪಸು ಕೇಳಿತು. ಯಂತ್ರವನ್ನು ಮಾರುವುದೆಂದಾಯಿತು. ಶಿವಯೋಗಪ್ಪನವರು ವಿದ್ಯಾನಗರದ ಕಾಲೇಜೊಂದರಲ್ಲಿ ಪಾಠ ಹೇಳುವ ರಶ್ಮಿ ಎಂಬಾಕೆಯನ್ನು ಹುಡುಕಿ ತಂದರು. ಆಕೆಗೆ ಯಾವುದೋ ಸಂಶೋಧನೆಗೆ ಹಳ್ಳಿಹಳ್ಳಿ ತಿರುಗಬೇಕಿತ್ತಂತೆ. ಶನಿವಾರ ಮಧ್ಯಾಹ್ನ ಸ್ಕೂಟರಿನಲ್ಲಿ ಬಂದಳು. ಶಿವಲೀಲಾಳ ವಯಸ್ಸಿನವಳೇ.

"ನಂಗೆ ಇದು ಅಷ್ಟಾಗಿ ಗೊತ್ತಿಲ್ರಿ," ಎಂದಳು. "ದೊಡ್ಡದು ತಗೊಳ್ರಿ ಅಂತ ಎಲ್ರೂ ಹೇಳ್ತಾರೆ."

"ಹೊತ್ತು ತಿರುಗೋರು ನೀವು, ಹೇಳೋರಲ್ಲ," ಎಂದಳು ಶಿವಲೀಲಾ. "ಕೂಡ್ರಿ."

ಇಬ್ಬರೂ ಚಾಪೆಯ ಮೇಲೆ ಕೂತರು. ಶಿವಲೀಲಾ ಮುಚ್ಚಳ ತೆರೆದಳು. ಬ್ಯಾಟರಿಯನ್ನು ಹೇಗೆ ಕಾಪಾಡಬೇಕು, ಹಳ್ಳಿಯ ಧೂಳಿಗೆ ಏನು ಹೊದಿಸಬೇಕು, ಬಸ್ಸಿನಲ್ಲಿ ತಲೆಯ ಮೇಲೆ ಸಾಮಾನಿಡುವ ಅಟ್ಟದಲ್ಲಿ ಯಾಕೆ ಇಡಬಾರದು ಎಂದು ಹೇಳುತ್ತ ಹೋದಳು. ಆಕೆ ತಪ್ಪು ಒತ್ತಿದರೆ ನಗುತ್ತಿದ್ದಳು, ಮತ್ತೆ ಒತ್ತಿಸುತ್ತಿದ್ದಳು. ಗುರುಶಾಂತಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದರು. ಇಷ್ಟು ತಿಂಗಳಲ್ಲಿ ಅವಳು ಆಡದೆ ಉಳಿಸಿದ ಮಾತೆಲ್ಲ ಆ ಒಂದು ಮಧ್ಯಾಹ್ನ ಖರ್ಚಾಗುತ್ತಿತ್ತು.

ಏಳುವಾಗ ರಶ್ಮಿ ಕೇಳಿದಳು: "ಎಷ್ಟು ಚೆನ್ನಾಗಿ ಹೇಳ್ತೀರಿ. ಎಲ್ಲಿ ಕಲಿಸ್ತೀರಿ ನೀವು?"

"ಎಲ್ಲೂ ಇಲ್ರಿ," ಎಂದು ಶಿವಲೀಲಾ ಯಂತ್ರವನ್ನು ಮಡಚಿ, ವೈರನ್ನು ಸುತ್ತಿ, ಚೀಲದಲ್ಲಿಟ್ಟು ಕೊಟ್ಟಳು. ಸ್ಕೂಟರು ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿದ್ದಳು.

ಅವಳು ಒಳಗೆ ಬಂದಾಗ ಗುರುಶಾಂತಮ್ಮ ನಡುಮನೆಯಲ್ಲೇ ಇದ್ದರು. ಏನಾದರೂ ಹೇಳಬೇಕೆನಿಸಿತು. ಬೆಳಗಿನಿಂದ ಬಾಯಲ್ಲಿ ಕಟ್ಟಿಕೊಂಡಿದ್ದ ಮಾತು ಬೇರೆ, ಹೊರಗೆ ಬಂದದ್ದು ಬೇರೆ.

"ಲೀಲಾ, ನಾಳೆ ಹರಿಹರಕ್ಕೆ ಹೋಗ್ಬರಾನೇನೇ? ಸುಮ್ನೆ. ಗುಡಿಗೆ ಹೋಗಿ, ಹೊಳಿ ನೋಡ್ಕೊಂಡು, ಬಸ್ಸಿನಾಗೆ ಇಬ್ರೂ..."

"ನೀವು ಹೋಗ್ಬರ್ರಿ ಅತ್ತಿ," ಎಂದಳು ಶಿವಲೀಲಾ ಚಾಪೆ ಸುತ್ತುತ್ತ. "ನಂಗೇನು ಕೆಲಸ ಐತೆ ಅಲ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಗುರುಶಾಂತಮ್ಮ ತಾವೂ ಒಂದು ಮಾತು ಆಡಿ, ಅತ್ತು, ಹಗುರಾಗುತ್ತಿದ್ದರು. ಶಿವಲೀಲಾ ಸುತ್ತಿದ ಚಾಪೆಯನ್ನು ಮೂಲೆಗೆ ನಿಲ್ಲಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಡುಗೆಮನೆಯ ಹೊಸ್ತಿಲಲ್ಲಿ ತಿರುಗಿ ನಿಂತಳು.

"ರಾತ್ರಿಗೆ ಏನು ಮಾಡ್ಲಿ?"

ಸೊಸೆ ಉತ್ತರಕ್ಕಾಗಿ ಕಾಯುತ್ತ, ಎಂದಿನ ತಾಳ್ಮೆಯಿಂದ, ಅಲ್ಲಿಯೇ ನಿಂತಿದ್ದಳು.